ಒಡೆದ ಬೀಗದ ವಿಷಯ

ಮನೆ ಯಜಮಾನಿ ಅಕ್ಕನವರಿಗೆ ಮಹಡಿ ಮನೆಯವನ ನಮಸ್ಕಾರ.

ನೀವು ಊರಿನಲ್ಲಿಲ್ಲದಾಗ ನೆಲಮಾಳಿಗೆಯ ಬೀಗ ಒಡೆದವನು ನಾನೇ. ಮಂಗಳವಾರ ನನಗೆ ರಜೆ. ಮಧ್ಯಾಹ್ನ ನಮ್ಮ ಹವಾಮಾನ ಕಚೇರಿಯಿಂದ ಫೋನ್ ಬಂತು: "ಸುಂಟರಗಾಳಿ ನಿಮ್ಮ ಕಡೆಗೇ ಬರ್ತಿದೆ, ಎಲ್ರನ್ನೂ ಕೆಳಗಿಳಿಸಿ." ಕಟ್ಟಡದವರೆಲ್ಲ ಇಳಿದೆವು.

ಮಕ್ಕಳು ಹೆದರಿದ್ದರು. ಅವರ ಭಯ ಮರೆಸಲು ಸುಂಟರಗಾಳಿ ಹೇಗೆ ಹುಟ್ಟುತ್ತದೆಂದು ಹೇಳತೊಡಗಿ, ಮೂಲೆಯಲ್ಲಿ ಸುತ್ತಿ ಮಲಗಿಸಿದ್ದ ನಿಮ್ಮ ಚಾಪೆ ತೋರಿಸಿದೆ. ಕೆಳಗಿನ ಗಾಳಿ ನಿಧಾನ, ಮೇಲಿನದು ಜೋರು. ಹಾಗಾಗಿ ನಡುವಿನ ಗಾಳಿ ಹೀಗೆ ಅಡ್ಡಲಾಗಿ ಸುರುಳಿ ಸುತ್ತುತ್ತದೆ. ನೆಲದ ಬಿಸಿ, ತೇವದ ಗಾಳಿ ರಭಸದಿಂದ ಮೇಲೇಳುವಾಗ ಆ ಸುರುಳಿಯನ್ನು ಎತ್ತಿ ನಿಲ್ಲಿಸುತ್ತದೆ ಎಂದು ಚಾಪೆಯನ್ನು ಎತ್ತಿ ನಿಲ್ಲಿಸಿದೆ. ಹಿಂದೆ ಒಂದು ಬುಟ್ಟಿ, ಅದರಲ್ಲಿ ಹದಿಮೂರು ಚೆಂಡು!

"ನಮ್ದು, ನಮ್ದು!" ಎಂಬ ಕೂಗಿನಲ್ಲಿ ಗುಡುಗೂ ಕೇಳಿಸಲಿಲ್ಲ. "ಯಾವ ಚೆಂಡು? ನಾನು ನೋಡೇ ಇಲ್ಲಪ್ಪ" ಎಂದು, ನಿಮ್ಮ ಅಂಗಳಕ್ಕೆ ಬಿದ್ದ ಚೆಂಡು ಕೇಳಲು ಬಂದ ಅವರಿಗೆ ನೀವು ಎಷ್ಟು ಸಲ ಹೇಳಿದ್ದೀರೋ, ಅದು ನನಗೆ ಬೇಡದ ವಿಷಯ.

ಗಾಳಿ ಆಚೆಯ ಬಯಲಿನಲ್ಲೇ ಹಾದುಹೋಯಿತು. ಎಲ್ಲರೂ ಕ್ಷೇಮ. ಹೊಸ ಬೀಗ ತಂದಿದ್ದೇನೆ. ಒಂದು ಕೀಲಿ ನನ್ನ ಬಳಿ ಇರಲಿ. ಕೊಡುವ ಸಂತೋಷ ನಿಮಗೇ ಇರಲೆಂದು ಬುಟ್ಟಿಯನ್ನು ಅಲ್ಲೇ ಇಡಿಸಿದ್ದೇನೆ. ನೀವು ಬಂದ ದಿನ ಮಕ್ಕಳು ಮತ್ತೊಮ್ಮೆ ಕೇಳಲು ಬರುತ್ತಾರಂತೆ. ದಯವಿಟ್ಟು ಈ ಸಲ ಚಾಪೆಯ ಹಿಂದೆ ಹುಡುಕಿ.

ಇತಿ,
ನಿಮ್ಮ ಮಹಡಿ ಮನೆಯವನು