ಜಿಗ್‌ಜಾಗ್ ಕತ್ತರಿ ಹುಡುಕಬೇಡಿ

ರೀ,

ನೀವು ಎದ್ದು ಇದನ್ನ ಓದೋ ಹೊತ್ತಿಗೆ ನಾನು ಮತ್ತೆ ಆ ಯುರೋಪ್ ವೀಸಾ ಆಫೀಸಿನ ಸಾಲಲ್ಲಿ ನಿಂತಿರ್ತೀನಿ. ಜಿಗ್‌ಜಾಗ್ ಕತ್ತರಿ ಹುಡುಕಬೇಡಿ, ನಾನೇ ಬಚ್ಚಿಟ್ಟಿದ್ದೀನಿ. ಇವತ್ತು ಮಾಮೂಲಿ ಕತ್ತರೀಲೇ ಕೆಲಸ ಮಾಡಿ.

ಹೋದ ಸಲ ಕೌಂಟರಿನ ಹುಡುಗಿ ನನ್ನ ಫೋಟೋ ಎತ್ತಿ ಹಿಡಿದು, "ಅಂಚೆಲ್ಲ ಯಾಕಮ್ಮ ಹೀಗೆ ಹಲ್ಲು ಹಲ್ಲಾಗಿದೆ?" ಅಂದಳು. ನಮ್ಮನೆಯವರು ಟೈಲರು, ಎಳೆ ಬಿಡದಿರಲಿ ಅಂತ ಜಿಗ್‌ಜಾಗ್ ಕತ್ತರೀಲಿ ಹಾಗೆ ಕತ್ತರಿಸಿದ್ದಾರೆ ಅಂತ ಯಾವ ಬಾಯಲ್ಲಿ ಹೇಳಲಿ? ಅರ್ಜಿ ತಗೊಳ್ಳಲೇ ಇಲ್ಲ. ಫೋಟೋ ಏನು ಪ್ಯಾಂಟಿನ ಬಟ್ಟೆಯೇ?

ನಾನು ಹೋಗೋದು ಇಷ್ಟವಿಲ್ಲದೆ ಬೇಕಂತಲೇ ಮಾಡಿದ್ರೋ ಏನೋ ಅಂತಾನೂ ಅನ್ನಿಸಿತ್ತು. ಹಾಗಿದ್ದರೂ ಕೇಳಿಸಿಕೊಳ್ಳಿ: ಯುರೋಪಲ್ಲಿರೋ ಮಗಳ ಹೆರಿಗೆ ಹೊತ್ತಿಗೆ ನಾನು ಅವಳ ಪಕ್ಕದಲ್ಲಿ ಇದ್ದೇ ಇರ್ತೀನಿ. ಇವತ್ತು ಆಗದಿದ್ದರೆ ನಾಳೆ ಮತ್ತೆ ಹೋಗ್ತೀನಿ. ಹೊಸ ಫೋಟೋನ ಸ್ಟುಡಿಯೋದವನ ಕೈಲೇ ಕತ್ತರಿಸಿಕೊಂಡು ಬಂದಿದ್ದೀನಿ, ನಿಮ್ಮ ಕಣ್ಣಿಗೂ ಬೀಳಿಸಿಲ್ಲ.

ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನಿ. ಬಿಪಿ ಮಾತ್ರೆ ಮರೀಬೇಡಿ. ಪಕ್ಕದ ಮನೆ ಟೀಚರ್ ಕೋಟಿಗೆ ಇವತ್ತಾದರೂ ಗುಂಡಿ ಹಾಕಿ, ಅವರು ದಿನಾ ನನ್ನ ತಲೆ ತಿಂತಾರೆ.

ಹಳೇ ಫೋಟೋ ಎಸೆದಿಲ್ಲ. ಒಂದನ್ನ ನಿಮ್ಮ ಮೆಷಿನ್ ಮುಂದಿನ ಗೋಡೆಗೆ ಅಂಟಿಸಿದ್ದೀನಿ. ಆ ಆಫೀಸಿನವರು ಕೊಡೋದೇ ಸ್ವಲ್ಪ ದಿನದ ವೀಸಾ. ಅಷ್ಟು ದಿನ ಅದನ್ನ ನೋಡ್ಕೊಂಡು ಹೊಲೀತಿರಿ. ನೀವೇ ಕತ್ತರಿಸಿದ್ದಲ್ವಾ, ಎಳೆ ಬಿಡಲ್ಲ.