ತುಟಿ ತಾಗಿಸಿ ಕುಡಿದ ನೀರು

ತೊಲೆದೊ,
ಆಗಸ್ಟ್ ೧೮, ಭಾನುವಾರ

ಪ್ರೀತಿಯ ಲೆಯಾಂದ್ರೊ,

ಹೇಗಿದ್ದೀಯ ಮಗನೇ? ಹೋದ ವಾರ ಫೋನಿನಲ್ಲಿ ನೀನು ತುಂಬಾ ಕೆಮ್ಮುತ್ತಿದ್ದೆ. ಬ್ರೆಮೆನ್‌ನಲ್ಲಿ ಈ ತಿಂಗಳಲ್ಲೂ ಮಳೆ, ಚಳಿ ಎಂದೆ. ರಾತ್ರಿ ಹಾಲು ಬಿಸಿ ಮಾಡಿ ಜೇನು ಹಾಕಿಕೊಂಡು ಕುಡಿ, ಕಿಟಕಿ ತೆರೆದಿಟ್ಟು ಮಲಗಬೇಡ. ನನ್ನ ಮಂಡಿ ಮೊದಲಿನ ಹಾಗೇ ಇದೆ. ಏರುವಾಗ ನೋವಿಲ್ಲ, ಇಳಿಯುವಾಗ ಇದೆ. ಈ ಊರಿನಲ್ಲಿ ಏರಿದ್ದನ್ನೆಲ್ಲ ಇಳಿಯಲೇಬೇಕು. ಇವತ್ತು ಬೆಳಗಿನ ಪೂಜೆ ಮುಗಿಸಿ ಬಂದು ನೆನೆಸಿದ ಕಡಲೆಯನ್ನು ಒಲೆಗೆ ಇಡುತ್ತಿದ್ದಾಗ ಫೋನ್ ಬಡಿದುಕೊಂಡಿತು. ನೀನೇ ಎಂದು ಗೊತ್ತಿತ್ತು. ಭಾನುವಾರ ಆ ಹೊತ್ತಿಗೆ ನನಗೆ ಇನ್ನಾರು ಫೋನ್ ಮಾಡುತ್ತಾರೆ. ಬಡಿದುಕೊಂಡು ಬಡಿದುಕೊಂಡು ತಾನೇ ನಿಂತಿತು. ಇದ್ದೂ ಎತ್ತದೆ ಇದ್ದದ್ದು ಇದೇ ಮೊದಲು. ಹೇಳಬೇಕಾದ್ದನ್ನು ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಮಳೆ ಬಿಸಿಲಿನ ಮಾತಿಗೆ ಬಂದು ನಿಲ್ಲುತ್ತೇವೆ. ಕಾಗದ ಹಾಗಲ್ಲ. ಅದು ಮುಗಿಯುವ ತನಕ ನೀನು ಸುಮ್ಮನಿರಬೇಕು.

ಮೊದಲು ಮನೆಯ ಸುದ್ದಿ. ಒಬ್ದೂಲಿಯಾ ದೊಡ್ಡಮ್ಮನ ಸೊಂಟದ ಆಪರೇಷನ್ ಆಗಿದೆ, ಹಬ್ಬದ ವಾರ ಅವಳ ಜೊತೆ ಇರಲು ತಾಲವೆರಾಕ್ಕೆ ಹೋಗುತ್ತೇನೆ, ಈ ವರ್ಷ ಇಗರ್ಜಿಯಲ್ಲಿ ನೀರು ಕೊಡಲು ನಿಲ್ಲುವುದಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ. ನೀನು, ‘ಹೋಗಮ್ಮ, ಒಳ್ಳೇದೇ ಆಯ್ತು, ಹದಿನೈದು ದಿನ ಇದ್ದು ಆರಾಮಾಗಿ ಬಾ’ ಎಂದೆ. ರೈಲೋ ಬಸ್ಸೋ, ಯಾವಾಗ ಹೊರಡುತ್ತೀಯ ಎಂದೆಲ್ಲ ವಿಚಾರಿಸಿದೆ. ಮಗ ನನ್ನ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿ ಎಷ್ಟು ಕಾಲವಾಯಿತು ಎಂದು ಆ ದಿನವೆಲ್ಲ ಖುಷಿಯಾಗಿದ್ದೆ. ಆದರೆ ನಾನು ಹೊರಡುವ ಮೊದಲೇ ದೊಡ್ಡಮ್ಮ ತನ್ನ ಮಗನ ಕಾರು ಹತ್ತಿ ಇಲ್ಲಿಗೇ ಬಂದಿಳಿದಳು. ‘ಸೊಂಟ ಹೋದ್ರೆ ಹೋಗ್ಲಿ ಕಣೇ, ಹಬ್ಬದ ನೀರು ನಾನು ಬಿಡಲ್ಲ’ ಎನ್ನುತ್ತಾಳೆ. ನಿನಗೆ ತಿಳಿಸೋಣ ಎಂದುಕೊಂಡೆ. ಭಾನುವಾರ ನೀನೇ ಮಾಡುತ್ತೀಯಲ್ಲ, ಆಗ ಹೇಳಿದರಾಯಿತು ಎಂದು ಸುಮ್ಮನಾದೆ.

ಹೀಗಾಗಿ ಗುರುವಾರ, ದೇವಮಾತೆಯ ಹಬ್ಬದ ದಿನ, ಪ್ರತಿ ವರ್ಷದಂತೆ ನಾನು ಬಿಳಿ ಏಪ್ರನ್ ಕಟ್ಟಿಕೊಂಡು ದೊಡ್ಡ ಇಗರ್ಜಿಯ ಒಳಅಂಗಳದಲ್ಲಿ, ಕಮಾನುಗಳ ನೆರಳಿನಲ್ಲಿ, ಹೂಜಿಗಳ ಮೇಜಿನ ಹಿಂದೆ ನಿಂತಿದ್ದೆ. ಪಕ್ಕದಲ್ಲಿ ಎಂದಿನಂತೆ ಗೆಳತಿ ಮಿಲಾಗ್ರೊಸ್ ಇದ್ದಳು. ಹೊರಗೆ ಕಲ್ಲು ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಇಗರ್ಜಿಯ ಬಾವಿಯ ನೀರು ಮಾತ್ರ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಈಗೀಗ ಸಾಲಿನಲ್ಲಿ ಊರಿನವರಿಗಿಂತ ನೋಡಲು ಬಂದವರೇ ಹೆಚ್ಚು. ಅವರಿಗೆ ಹೂಜಿ ಎತ್ತಿ ತುಟಿ ತಾಗಿಸದೆ ಕುಡಿಯುವುದು ಎಲ್ಲಿ ಬರಬೇಕು. ಕೆಲವರು ನೀರು ತುಂಬುವ ಅಗಲ ಬಾಯಿಗೇ ಮುಖ ಇಟ್ಟು ಎದೆಯೆಲ್ಲ ತೋಯಿಸಿಕೊಳ್ಳುತ್ತಾರೆ, ಕೆಲವರು ಸಣ್ಣ ಮೂತಿಯನ್ನು ಕಚ್ಚಿ ಹೀರುತ್ತಾರೆ. ‘ನೋಡೇ ಕಾಸಿಲ್ದಾ, ಇಷ್ಟು ದೊಡ್ಡ ಗಂಡಸು, ಇನ್ನೂ ಹಾಲು ಬಿಟ್ಟಿಲ್ಲ’ ಎಂದು ಮಿಲಾಗ್ರೊಸ್ ನನ್ನ ಕಿವಿಯಲ್ಲಿ ಹೇಳುತ್ತಾಳೆ, ಅವರ ಮುಖ ನೋಡಿ ನಗುತ್ತಾಳೆ, ಅವರೂ ನಗುತ್ತಾರೆ. ಕಚ್ಚಿದ ಹೂಜಿಯನ್ನು ನಾವು ಏನೂ ಅನ್ನದೆ ಒಳಗೆ ತೆಗೆದುಕೊಂಡು, ನೀರು ಚೆಲ್ಲಿ, ಮೂತಿ ತೊಳೆದು, ಮತ್ತೆ ತುಂಬಿ ತಂದಿಡುತ್ತೇವೆ. ಇದೆಲ್ಲ ನಿನಗೆ ಗೊತ್ತಿರುವುದೇ.

ಊಟದ ಹೊತ್ತಿಗಿಂತ ಮುಂಚೆ ಒಂದು ಸಂಸಾರ ಬಂತು. ಎತ್ತರದ, ಬೆಳ್ಳನೆಯ ಕೂದಲಿನ ಗಂಡ ಹೆಂಡತಿ, ನಮ್ಮ ವಯಸ್ಸಿನವರು. ಅವರ ಮಗಳು. ಅವಳ ಗಂಡ, ಗಡ್ಡ ಬಿಟ್ಟವನು, ಕಪ್ಪು ಕನ್ನಡಕ, ಹುಲ್ಲಿನ ಟೋಪಿ, ಹೆಗಲ ಮೇಲೆ ಎರಡು ವರ್ಷದ ಹೆಣ್ಣು ಮಗು. ಆ ಹಿರಿಯರು ಹೂಜಿ ಹಿಡಿಯುವುದು ಹೇಗೆಂದು ಗೊತ್ತಾಗದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಳಿಯ ಮಗುವನ್ನು ಹೆಂಡತಿಗೆ ಕೊಟ್ಟ, ಮುಂದೆ ಬಂದ, ನನ್ನತ್ತ ನೋಡದೆ ಮೇಜಿನಿಂದ ಒಂದು ಹೂಜಿ ತೆಗೆದುಕೊಂಡು ಎತ್ತಿದ. ನೀರು ಒಂದೇ ಎಳೆಯಾಗಿ ಬಿತ್ತು. ಒಂದು ಹನಿಯೂ ಗಡ್ಡಕ್ಕೆ ತಾಗಲಿಲ್ಲ. ಸಾಲಿನವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಏಕೆಂದರೆ ಅವನು ಕುಡಿಯುವಾಗ ಕನ್ನಡಕವನ್ನು ಟೋಪಿಯ ಮೇಲೆ ಏರಿಸಿಕೊಂಡು ಎಡಗಣ್ಣು ಮುಚ್ಚಿಕೊಂಡಿದ್ದ, ಕಿರುಬೆರಳನ್ನು ಹೂಜಿಯಿಂದ ದೂರ ಎತ್ತಿ ಹಿಡಿದಿದ್ದ. ಹಾಗೆ ಕುಡಿಯುತ್ತಿದ್ದವರು ಇಬ್ಬರೇ. ಒಬ್ಬರನ್ನು ಮೂರು ವರ್ಷದ ಹಿಂದೆ ಮಣ್ಣು ಮಾಡಿ ಬಂದಿದ್ದೇನೆ.

ಗಡ್ಡ ನಿನಗೆ ಒಪ್ಪುತ್ತದೆ. ಸ್ವಲ್ಪ ದಪ್ಪಗೂ ಆಗಿದ್ದೀಯ, ಒಳ್ಳೆಯದೇ.

ನೀನು ಆ ಕಣ್ಣು ತೆರೆದಾಗ ಎದುರಿಗೆ ನಾನಿದ್ದೆ. ನೀರಿನ ಎಳೆ ಕಡಿದು ನಿನ್ನ ಅಂಗಿಯ ಮೇಲೆ ಬಿತ್ತು. ಆ ಒಂದು ಗಳಿಗೆ ನಾನು ಏನೇನು ಅಂದುಕೊಂಡೆ ಎಂದರೆ ಈಗ ನನಗೇ ನಾಚಿಕೆಯಾಗುತ್ತದೆ. ನನ್ನನ್ನು ಬೆರಗುಗೊಳಿಸಲು ಹೇಳದೆ ಬಂದಿದ್ದಾನೆ ಅಂದುಕೊಂಡೆ. ತಾಲವೆರಾಕ್ಕೆ ಹೋಗಿ ಹುಡುಕಿ ವಾಪಸ್ ಬಂದಿರಬೇಕು ಅಂದುಕೊಂಡೆ. ಏಪ್ರನ್ನಿಗೆ ಕೈ ಒರೆಸಿಕೊಂಡೆ, ನಿನ್ನ ಮುಖ ಹಿಡಿಯಬೇಕಿತ್ತಲ್ಲ. ಅಷ್ಟರಲ್ಲಿ ನೀನು ಕನ್ನಡಕ ಇಳಿಸಿಕೊಂಡೆ. ಹೂಜಿಯನ್ನು ಕೆಳಗಿಳಿಸಿ ಮೂತಿಯನ್ನು ಬಾಯಿಗಿಟ್ಟು, ಕಚ್ಚಿ, ಪರದೇಶಿಯ ಹಾಗೆ ಎರಡು ಗುಟುಕು ಹೀರಿದೆ. ಆಮೇಲೆ ಹೂಜಿಯನ್ನು ನನ್ನ ಮುಂದಿಟ್ಟು ಹೇಳಿದೆ:

‘ತುಂಬಾ ತಣ್ಣಗಿದೆ ಅಮ್ಮಾವ್ರೇ. ಧನ್ಯವಾದ.’

ನಾನು, ‘ದೇವಮಾತೆಯ ನೀರು. ಯಾರಿಗೂ ಇಲ್ಲ ಅನ್ನಲ್ಲ’ ಎಂದೆ. ಸಾಲಿನಲ್ಲಿ ಬಂದ ಎಲ್ಲರಿಗೂ ಅಷ್ಟನ್ನೇ ಹೇಳುತ್ತೇನೆ.

ನಿನ್ನ ಅತ್ತೆ ಒಳ್ಳೆಯ ಹೆಂಗಸು. ಬಿಸಿಲಿಗೆ ಮುಖ ಕೆಂಪಾಗಿತ್ತು, ಆದರೂ ಎಲ್ಲದಕ್ಕೂ ನಗುತ್ತಿದ್ದಳು. ಈ ಪ್ರವಾಸಕ್ಕೆಂದೇ ನಮ್ಮ ಭಾಷೆ ಕಲಿತಿದ್ದಾಳಂತೆ. ಒಂದೊಂದೇ ಮಾತನ್ನು ಅಂಗಡಿಯಲ್ಲಿ ಸಾಮಾನು ಆರಿಸುವ ಹಾಗೆ ಆರಿಸಿ ಆಡುತ್ತಾಳೆ. ನನ್ನ ಜೊತೆ ಮಗುವಿನ ಫೋಟೋ ಬೇಕೆಂದಳು. ನೀನು ಏನೋ ನಿಮ್ಮ ಭಾಷೆಯಲ್ಲಿ ಹೇಳಿ ತಪ್ಪಿಸಲು ನೋಡಿದೆ, ಅವಳು ಕೇಳಲಿಲ್ಲ. ಮಗುವನ್ನು ತಂದು ನನ್ನ ತೋಳಿಗೇ ಕೊಟ್ಟಳು. ಬೆವರಿಗೆ ಅದರ ಕೂದಲು ಹಣೆಗೆ ಅಂಟಿಕೊಂಡಿತ್ತು. ನಾನು ಹೊಸ ಹೂಜಿ ತೆಗೆದು, ಅಂಗೈಯನ್ನು ಗಲ್ಲದ ಕೆಳಗೆ ಹಿಡಿದು, ತೆಳ್ಳಗೆ ನೀರು ಬಿಟ್ಟೆ. ಎಡಗಣ್ಣು ಮುಚ್ಚುತ್ತದೆಯೋ ಎಂದು ನೋಡಿದೆ. ಮುಚ್ಚಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಡಿಯಿತು. ಆಗ ನಿನ್ನ ಅತ್ತೆ ನನ್ನ ಹತ್ತಿರ ಬಾಗಿ, ಗುಟ್ಟು ಹೇಳುವವಳಂತೆ ಹೇಳಿದಳು:

‘ನನ್ನ ಅಳಿಯ ಈ ದೇಶದವನು. ಪಾಪ, ಅವನಿಗೆ ತಾಯಿ ಇಲ್ಲ. ಸತ್ತಿದೆ. ಈ ಮಗುಗೆ ಅಜ್ಜಿ ನಾನೊಬ್ಬಳೇ.’

ಸರಿಯಾಗಿ ಕಲಿಯದ ಭಾಷೆಯಲ್ಲಿ ಹೇಳಿದ್ದರಿಂದ ತಪ್ಪಿರಬಹುದು, ಬೇರೇನೋ ಹೇಳಹೊರಟಿರಬಹುದು ಎಂದು ನಾನು ನಿನ್ನತ್ತ ನೋಡಿದೆ. ನೀನು ಕ್ಯಾಮೆರಾವನ್ನು ಮುಖಕ್ಕೆ ಹಿಡಿದು ನಿಂತಿದ್ದೆ. ಅದನ್ನು ಇಳಿಸಲಿಲ್ಲ. ‘ಸ್ವಲ್ಪ ನಗಿ ಅಮ್ಮಾವ್ರೇ’ ಎಂದೆ. ನಾನು ನಕ್ಕೆ. ಫೋಟೋ ಚೆನ್ನಾಗಿಯೇ ಬಂದಿರುತ್ತದೆ.

ನೀವು ಆ ಕಡೆ ಹೋದ ಮೇಲೆ ಮಿಲಾಗ್ರೊಸ್ ಒಂದು ಹೂಜಿ ತುಂಬಿದಳು. ಆಮೇಲೆ, ‘ಅವನು ನಿಮ್ಮ ಲೆಯಾಂದ್ರೊ ಅಲ್ವೇನೇ?’ ಎಂದು ಕೇಳಿದಳು. ‘ಹೋಗೇ. ನನ್ನ ಮಗ ಹೂಜಿ ಕಚ್ಚಿ ಕುಡೀತಾನಾ?’ ಎಂದೆ. ನೀನು ಕಚ್ಚಿದ ಹೂಜಿ ಅಲ್ಲೇ ಇತ್ತು. ಚಿಕ್ಕಂದಿನಲ್ಲಿ ನೀನು ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ತಿಂದವಳು ನಾನು, ನಿನ್ನ ಎಂಜಲು ಎಂದು ಯಾವತ್ತೂ ನನಗೆ ಅನಿಸಿದ್ದಿಲ್ಲ. ಅವತ್ತು ಆ ಹೂಜಿಯನ್ನು ಒಳಗೆ ಒಯ್ದು, ನೀರು ಚೆಲ್ಲಿ, ಎಲ್ಲರದನ್ನು ತೊಳೆಯುವ ಹಾಗೆಯೇ ತೊಳೆದು, ತುಂಬಿ ತಂದಿಟ್ಟೆ.

ಆಮೇಲೆ ಮಾಡಿದ್ದನ್ನು ಮಾಡಬಾರದಿತ್ತು. ತಲೆ ಸುತ್ತುತ್ತಿದೆ ಎಂದು ಮಿಲಾಗ್ರೊಸ್‌ಗೆ ಹೇಳಿ, ಏಪ್ರನ್ ಬಿಚ್ಚದೆಯೇ ನಿಮ್ಮ ಹಿಂದೆ ಬಂದೆ. ಇಗರ್ಜಿಯೊಳಗೆ ಕಂಬದಿಂದ ಕಂಬಕ್ಕೆ, ನೋಡಲು ಬಂದವಳ ಹಾಗೆ. ಛಾವಣಿ ಕೊರೆದು ಬೆಳಕು ಇಳಿಸಿದ ಜಾಗವನ್ನು ನೀನು ಅವರಿಗೆ ತೋರಿಸಿದೆ. ಗೋಡೆಯಷ್ಟು ಎತ್ತರದ ಸಂತ ಕ್ರಿಸ್ತೋಫರನ ಚಿತ್ರದ ಕೆಳಗೆ ನಿಂತು ಏನೋ ಹೇಳಿದೆ, ಅವರು ಕತ್ತೆತ್ತಿ ನೋಡಿ ತಲೆದೂಗಿದರು. ಆ ಕಾಲಿನ ಹೆಬ್ಬೆರಳು ಕಂಡರೆ ಹೆದರಿ ನೀನು ನಿಮ್ಮ ಅಪ್ಪನ ಕೋಟಿನೊಳಗೆ ಮುಖ ಹುದುಗಿಸುತ್ತಿದ್ದೆ. ಅದನ್ನು ಹೇಳಿರಲಿಕ್ಕಿಲ್ಲ. ಯಾವ ಅಪ್ಪ, ಯಾವ ಕೋಟು ಎಂದು ಹೇಳಬೇಕಾಗುತ್ತದೆ. ಪುಸ್ತಕದಲ್ಲಿ ಬರೆದದ್ದನ್ನು ಓದಿ ಹೇಳುವವನ ಮುಖವಿತ್ತು ನಿನಗೆ.

ಅಲ್ಲಿಂದ ಹೊರಗೆ ಬಂದು ನೀನು ದೊಡ್ಡ ಬೀದಿ ಹಿಡಿಯುತ್ತೀಯ ಎಂದುಕೊಂಡಿದ್ದೆ. ನಿನ್ನ ಮಾವ ಸಣ್ಣ ಓಣಿಗಳನ್ನು ನೋಡಬೇಕೆಂದು ಮುಂದೆ ಮುಂದೆ ಹೋದರು, ನೀನು ಹಿಂದೆ ಹೋದೆ, ಎಲ್ಲರೂ ನಮ್ಮ ಓಣಿಗೇ ಬಂದಿರಿ. ನಮ್ಮ ಮನೆಯ ಕೆಳಗೆ ಅವರು ನಿಂತರು. ಬಾಲ್ಕನಿಯ ಹೂವಿನ ಡಬ್ಬಗಳ ಫೋಟೋ ತೆಗೆದರು. ಹಳೆಯ ಊರು, ಎಷ್ಟು ಚೆಂದ ಎಂದಿರಬೇಕು. ಅದರಲ್ಲಿ ನೀಲಿಯವು ನೀನೇ ಬಣ್ಣ ಹಚ್ಚಿದ್ದು. ಒಳಗೆ ದೊಡ್ಡಮ್ಮ ರೇಡಿಯೋ ಜೋರಾಗಿ ಹಾಕಿಕೊಂಡಿದ್ದಳು, ಬೀದಿಗೆಲ್ಲ ಕೇಳುತ್ತಿತ್ತು. ನೀನು ತಲೆ ಎತ್ತಲಿಲ್ಲ. ಬೂಟಿನ ಲೇಸು ಬಿಗಿದಿದ್ದರೂ ಬಗ್ಗಿ ಅದನ್ನು ಮತ್ತೆ ಕಟ್ಟಿದೆ. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಹೆಗಲ ಮೇಲಿಂದ ಅದು ಹಿಂದೆ ನೋಡುತ್ತಿತ್ತು. ಮೂಲೆಯಲ್ಲಿ ಒದ್ದೆ ಏಪ್ರನ್ನಿನಲ್ಲಿ ನಿಂತಿದ್ದ ನನ್ನನ್ನು ಕಂಡು ಮುಖ ಮೇಲೆತ್ತಿ ಬಾಯಿ ತೆರೆಯಿತು, ಇನ್ನೂ ನೀರು ಬಿಡು ಎನ್ನುವ ಹಾಗೆ.

ನಾನು ಯಾಕೆ ಎಂದು ಕೇಳುವುದಿಲ್ಲ. ನಿಮ್ಮ ಅಪ್ಪನ ಮಣ್ಣಿಗೆ ಬಂದಾಗ ನೀನು ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ, ಚಳಿಗಿರಬೇಕು ಎಂದುಕೊಂಡೆ. ಉಂಗುರ ಆಗಲೇ ಇತ್ತೇನೋ. ಇಗರ್ಜಿಯಲ್ಲಿ ಮದುವೆಯಾಗದೆ ಹೆಂಡತಿಯನ್ನು ಕರೆತಂದರೆ ಅಮ್ಮ ರಂಪ ಮಾಡುತ್ತಾಳೆ ಎಂದು ಹೆದರಿದ್ದಿರಬಹುದು. ಮಾಡುತ್ತಿದ್ದೆ. ಒಂದು ವಾರ ಮಾತು ಬಿಡುತ್ತಿದ್ದೆ, ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಎರಡನೇ ವಾರ ಮಗುವಿಗೆ ಸ್ವೆಟರ್ ಹೆಣೆಯಲು ಕೂರುತ್ತಿದ್ದೆ. ನಿನಗೆ ಅದು ಗೊತ್ತು, ಗೊತ್ತಿದ್ದೂ ಆ ಒಂದು ವಾರವನ್ನು ತಡೆದುಕೊಳ್ಳುವ ಮನಸ್ಸಾಗಲಿಲ್ಲ. ಮುನಿಸಿಕೊಂಡ ತಾಯಿಯನ್ನು ಒಲಿಸುವುದಕ್ಕಿಂತ ಸತ್ತ ತಾಯಿಯನ್ನು ಇಟ್ಟುಕೊಳ್ಳುವುದು ಸುಲಭ. ಅವಳಿಗೆ ಟಿಕೆಟ್ ಕಳಿಸಬೇಕಿಲ್ಲ, ಯಾರಿಗೂ ಪರಿಚಯ ಮಾಡಿಸಬೇಕಿಲ್ಲ.

ಇರಲಿ. ನಿನ್ನ ಸಂಸಾರವನ್ನು ಕಲಕುವ ಇಷ್ಟ ನನಗಿಲ್ಲ. ನಿನ್ನ ಅತ್ತೆಯ ಎದುರಿಗೆ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ, ಮುಂದೆಯೂ ಬಿಡುವುದಿಲ್ಲ. ಈ ಕಾಗದವನ್ನು ಕೂಡ ಮನೆಗಲ್ಲ, ನಿನ್ನ ಕಾರ್ಖಾನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿ ಅಲ್ಲೇ ಹರಿದು ಹಾಕು. ಇಲ್ಲಿಯವರು ಕೇಳಿದರೆ ನನ್ನ ಮಗ ಬ್ರೆಮೆನ್‌ನಲ್ಲಿ ಕೆಲಸದಲ್ಲಿದ್ದಾನೆ, ರಜೆ ಸಿಗಲಿಲ್ಲ ಎನ್ನುತ್ತೇನೆ. ನೀನು ನನಗೆ ಹೇಳಿದ್ದು ಅದನ್ನೇ. ಒಂದೇ ಒಂದು ಮಾತು. ಸತ್ತವರಿಗೆ ಯಾರೂ ಭಾನುವಾರ ಫೋನ್ ಮಾಡುವುದಿಲ್ಲ. ನೀನೂ ಇನ್ನು ಮಾಡಬೇಡ.

ದೊಡ್ಡಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ, ಬೇಗ ಮದುವೆ ಮಾಡಿಕೋ ಎಂದು ಬರೆಯಲು ಹೇಳುತ್ತಿದ್ದಾಳೆ. ದೇವಮಾತೆ ನಿನ್ನನ್ನೂ ನಿನ್ನವರನ್ನೂ ಕಾಯಲಿ. ಕೆಮ್ಮು ಹೆಚ್ಚಾದರೆ ಡಾಕ್ಟರಿಗೆ ತೋರಿಸು.

ನಿನ್ನ ತಾಯಿ,
ಕಾಸಿಲ್ದಾ

ಮರೆತಿದ್ದೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಆ ಫೋಟೋದ ಒಂದು ಪ್ರತಿ ಕಳಿಸು. ಜೊತೆಗೆ ಕಾಗದ ಬೇಡ, ಕ್ಷಮೆ ಗಿಮೆ ಏನೂ ಬರೆಯಬೇಡ. ಹಿಂದುಗಡೆ ಮಗುವಿನ ಹೆಸರು ಬರೆದರೆ ಸಾಕು, ನಮ್ಮ ಉಚ್ಚಾರಕ್ಕೆ ಸರಿಯಾಗಿ, ಓದಲು ಬರುವ ಹಾಗೆ. ನೀವೆಲ್ಲ ಅದನ್ನು ಏನೋ ಮುದ್ದಿನ ಹೆಸರಿನಿಂದ ಕರೆಯುತ್ತಿದ್ದಿರಿ, ನನಗೆ ಹಿಡಿಯಲು ಆಗಲಿಲ್ಲ. ಗುರುವಾರದಿಂದ ಪ್ರಾರ್ಥನೆಯಲ್ಲಿ ‘ಆ ಮಗು, ಆ ಮಗು’ ಎಂದಷ್ಟೇ ಹೇಳುತ್ತಿದ್ದೇನೆ.