ಹನ್ನೊಂದು ರೂಪಾಯಿಯ ಶುಕ್ರವಾರ

ರೀ,

ಗುಂಡ್ಲುಪೇಟೆಗೆ ಹೋಗ್ತಿದ್ದೀನಿ, ಬ್ಯಾಂಕಿಗೆ. ಮುದ್ದೆ ಡಬ್ಬಿಯಲ್ಲಿದೆ, ಉಪ್ಸಾರು ಒಲೆ ಮೇಲಿದೆ. ಬಿಸಿ ಮಾಡಿಕೊಳ್ಳಿ, ತಳ ಹಿಡಿಸಬೇಡಿ.

ಅಂಗಡಿಯ ಓವರ್‌ಡ್ರಾಫ್ಟ್ ಸಾಲದ ಖಾತೆಗೆ ಐನೂರ ತೊಂಬತ್ತು ರೂಪಾಯಿ ದಂಡ ಹಾಕಿದ್ದಾರೆ. ಮೆಸೇಜ್ ಕಳಿಸಿದ್ದಕ್ಕೆ ಅಂತ ಹದಿನೆಂಟು ರೂಪಾಯಿ ಮುರಿದುಕೊಂಡವರು ಅವರೇ. ಅದರಿಂದ ಸಾಲದ ಲಿಮಿಟ್ಟು ಹನ್ನೊಂದು ರೂಪಾಯಿ ದಾಟಿತು. ದಾಟಿದ್ದು ಮಾತ್ರ ನಮ್ಮ ತಪ್ಪಂತೆ! ದಂಡದ ಸುದ್ದಿಯೂ ಮೆಸೇಜಿನಲ್ಲೇ ಬಂತು. ಅದಕ್ಕೆಷ್ಟು ಮುರಿಯುತ್ತಾರೋ.

ನಿಮ್ಮನ್ನೂ ಬಿಡಲ್ಲ. ಲಿಮಿಟ್ಟು ದಾಟಿದೆ ಅಂತ ಹೋದ ಶುಕ್ರವಾರವೇ ತಿಳಿದಿತ್ತು. ನೂರು ರೂಪಾಯಿ ಕೈಗಿಟ್ಟು ಕಟ್ಟಿ ಬನ್ನಿ ಅಂದೆ. "ಸುಕ್ರವಾರ ಲಕ್ಷ್ಮೀನ ಮನೆಯಿಂದ ಆಚೆಗೆ ಕಳಿಸ್ಬಾರ್ದು ಕಣಮ್ಮಿ, ನಾಳೆ ಓದ್ರಾಯ್ತು ಬುಡು" ಅಂದಿರಿ. ಮಾರನೇ ದಿನ ಎರಡನೇ ಶನಿವಾರ, ಬ್ಯಾಂಕಿಗೆ ಬೀಗ. ಆಮೇಲೆ ಭಾನುವಾರ. ಸೋಮವಾರ ಬೆಳಿಗ್ಗೆ ದಂಡ.

ಫೋನ್ ಮಾಡಿದರೆ ಮ್ಯಾನೇಜರು "ರೂಲ್ಸ್ ಕಣಮ್ಮ, ನಮ್ ಕೈಲಿಲ್ಲ" ಅಂತಾರೆ. ನಮ್ಮ ದುಡ್ಡು ಮಾತ್ರ ಅವರ ಕೈಲೇ ಇದೆ.

ಸಂಜೆ ಹಾಲು ಕರೆದು ಡೈರಿಗೆ ಹಾಕಿ. ನನ್ನ ಹಿಂದೆಯೇ ಬ್ಯಾಂಕಿಗೆ ಬಂದು "ಆಯ್ತು ಸಾರ್" ಅಂತ ಕೈ ಮುಗಿಯಬೇಡಿ, ಕೆಲಸ ಕೆಡುತ್ತೆ.

ಇವತ್ತೂ ಶುಕ್ರವಾರ, ಗೊತ್ತು. ಬೇಕಂತಲೇ ಹೊರಟಿದ್ದೀನಿ. ತಲೆ ತುಂಬ ಹೂ ಮುಡಿದು, ಕಾಸಗಲ ಕುಂಕುಮ ಇಟ್ಟುಕೊಂಡು ಆ ಮ್ಯಾನೇಜರ್ ಎದುರಿಗೇ ಕೂರ್ತೀನಿ. ಶುಕ್ರವಾರ ಬಾಗಿಲಿಗೆ ಬಂದ ಮುತ್ತೈದೇನ ಬರಿಗೈಲಿ ಕಳಿಸಬಾರದು ಅನ್ನೋ ರೂಲ್ಸು ಅವರಿಗೂ ತಿಳಿಯಲಿ.

ಗಂಗಾಂಬಿಕೆ